ಅಣ್ಣ ಎರಡು ಪಾಲು ಕೇಳುತ್ತಿದ್ದಾನೆ, ಬೈಬಲ್ ತೋರಿಸಿ. ಏನು ಹೇಳಲಿ?

ಬೆಟಗೇರಿ ಕಿರಿಯವ

ಎಲ್ಲರಿಗೂ ವಂದನೆ. ಮನೆ ವಿಷಯ ಇಲ್ಲಿ ಹಾಕಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೊನೆಗೆ ಹಾಕುತ್ತಿದ್ದೇನೆ.

ಅಪ್ಪ ಹೋದ ವರ್ಷ ತೀರಿಕೊಂಡರು. ಶಾಲೆ ಮಾಸ್ತರರಾಗಿದ್ದರು. ಸಂಬಳದಲ್ಲಿ ಉಳಿಸಿ 9 ಎಕರೆ ಹೊಲ ಕೊಂಡಿದ್ದರು. ವಿಲ್ ಬರೆದಿಲ್ಲ. ಅವ್ವ ಇದ್ದಾಳೆ. ನಾವು ಮೂವರು ಮಕ್ಕಳು. ಅಣ್ಣ, ಅಕ್ಕ, ಆಮೇಲೆ ನಾನು. ಅಕ್ಕನನ್ನು ಹಾವೇರಿಗೆ ಕೊಟ್ಟಿದೆ.

ಅಣ್ಣ ಎರಡು ವರ್ಷದಿಂದ ಯೂಟ್ಯೂಬ್‌ನಲ್ಲಿ ಅಮೆರಿಕದ ಕೆಲವರ ಪಾಠ ಕೇಳುತ್ತಿದ್ದಾನೆ. ಮೋಶೆಗೆ ದೇವರು ಕೊಟ್ಟ ಕಾನೂನು ಇವತ್ತಿಗೂ ಕಾನೂನೇ, ಸರ್ಕಾರ ಕೂಡ ಅದರಂತೆ ನಡೆಯಬೇಕು ಎನ್ನುತ್ತಾನೆ. ಈಗ ಆ ಪಾಠ ಹೊಲಕ್ಕೆ ಬಂದಿದೆ. ಧರ್ಮೋಪದೇಶಕಾಂಡ 21:17 ತೋರಿಸುತ್ತಾನೆ. ಚೊಚ್ಚಲ ಮಗನಿಗೆ ಎರಡು ಪಾಲು. ಅಕ್ಕನ ಪಾಲು ಕೇಳಿದರೆ ಅರಣ್ಯಕಾಂಡ 27. ಗಂಡುಮಕ್ಕಳು ಇಲ್ಲದಿದ್ದರೆ ಮಾತ್ರ ಹೆಣ್ಣುಮಕ್ಕಳಿಗೆ. ಕೋರ್ಟಿಗೆ ಹೋಗುತ್ತೇನೆ ಅಂತ ಅಕ್ಕ ಅಂದರೆ ಒಂದನೇ ಕೊರಿಂಥ 6. ವಿಶ್ವಾಸಿಗಳು ಅವಿಶ್ವಾಸಿಗಳ ಮುಂದೆ ವ್ಯಾಜ್ಯಕ್ಕೆ ಹೋಗಬಾರದು.

ಮೂರೂ ಕಡೆ ವಚನ ಇದೆ. ನಾನೇ ತೆಗೆದು ನೋಡಿದೆ. ಹುಟ್ಟಿದಾಗಿನಿಂದ ಸಭೆಗೆ, ಅಂದರೆ ಚರ್ಚಿಗೆ, ಹೋಗುವವನು ನಾನು, ಆದರೂ ಇದಕ್ಕೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಇದು ಈಗ ನಡೆಯುತ್ತಾ, ಇಲ್ವಾ?

ಕುಡ್ಲದ ವಕೀಲೆ

ತಮ್ಮಾ, ಮೊದಲು ಈ ನೆಲದ ಕಾನೂನು ಹೇಳುತ್ತೇನೆ. ದೇವರ ಕಾನೂನಿನ ವಿಷಯ ಬೇರೆಯವರು ಹೇಳಲಿ.

ವಿಲ್ ಇಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಕಲಂ 33ರಂತೆ ಹೆಂಡತಿಗೆ ಮೂರನೇ ಒಂದು ಭಾಗ. ಉಳಿದದ್ದು ಕಲಂ 37ರಂತೆ ಮಕ್ಕಳಿಗೆ ಸಮವಾಗಿ. ಗಂಡು, ಹೆಣ್ಣು, ಹಿರಿಯ, ಕಿರಿಯ ಅಂತ ಏನೂ ಇಲ್ಲ. ಅಂದರೆ ಅವ್ವನಿಗೆ 3 ಎಕರೆ, ನಿಮ್ಮ ಮೂವರಿಗೆ ತಲಾ 2 ಎಕರೆ. ಅಕ್ಕನ ಮದುವೆಗೆ ಅಷ್ಟು ಖರ್ಚು ಮಾಡಿದ್ದೇವೆ ಅನ್ನುವ ಮಾತು ಬಂದೇ ಬರುತ್ತದೆ, ಅದಕ್ಕೂ ಈಗಲೇ ಉತ್ತರ: ಬದುಕಿದ್ದಾಗ ಅಪ್ಪ ಮಗಳಿಗೆ ಕೊಟ್ಟದ್ದನ್ನು ಪಾಲಿನಿಂದ ಕಳೆಯುವಂತಿಲ್ಲ. ಕಲಂ 49.

ಒಂದು ಎಚ್ಚರಿಕೆ. ವಂಶವೃಕ್ಷ ಮಾಡಿಸುವಾಗ ಅಕ್ಕನ ಹೆಸರು ಇದೆಯಾ ನೋಡಿ. ‘ಸುಮ್ನೆ ಒಂದು ಸಹಿ’ ಅಂತ ಅವ್ವನಿಂದಲೋ ಅಕ್ಕನಿಂದಲೋ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನಾನು ವಾರಕ್ಕೊಂದು ನೋಡುತ್ತೇನೆ. ಓದದೆ ಹಾಕಬೇಡಿ.

ದಾರಿಹೋಕ

ನಾನು ಕ್ರೈಸ್ತನಲ್ಲ, ಶೀರ್ಷಿಕೆ ನೋಡಿ ಒಳಗೆ ಬಂದೆ. ನಮ್ಮ ಮನೆಯಲ್ಲೂ ಇದೇ ಜಗಳ ಆಗಿತ್ತು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾನೂನಿಗೆ 1994ರಲ್ಲಿ ಕರ್ನಾಟಕ ತಿದ್ದುಪಡಿ ಮಾಡಿತು, 2005ರಲ್ಲಿ ಕೇಂದ್ರ. ಆದರೂ ನಮ್ಮ ದೊಡ್ಡಪ್ಪ ಶಾಸ್ತ್ರ ತೆಗೆದರು. ಶಾಸ್ತ್ರ ಬೇರೆ, ಅಣ್ಣ ಅದೇ.

ಕೀರ್ತನೆ 119

ಬ್ರದರ್, ನಿಮ್ಮ ಅಣ್ಣ ಕೇಳುತ್ತಿರುವ ಪಾಠಗಳನ್ನು ನಾನೂ ಕೇಳುತ್ತೇನೆ. ಇಲ್ಲಿ ಆ ಪಕ್ಷ ಹೇಳುವವರು ಯಾರೂ ಇಲ್ಲದ್ದರಿಂದ ನಾನು ಹೇಳುತ್ತೇನೆ. ಬೈಯುವವರು ಆಮೇಲೆ ಬೈಯಿರಿ.

ಇದಕ್ಕೆ ಥಿಯಾನಮಿ ಅನ್ನುತ್ತಾರೆ, ದೇವರ ಕಾನೂನೇ ಕಾನೂನು ಅಂತ ಅರ್ಥ. ರಶ್‌ಡೂನಿ ಎಂಬುವರು 1965ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಾಲ್ಸಿಡನ್ ಎಂಬ ಸಂಸ್ಥೆ ಕಟ್ಟಿದರು. ಹತ್ತು ಆಜ್ಞೆಗಳ ಒಂದೊಂದರ ಕೆಳಗೆ ಮೋಶೆಯ ಎಲ್ಲಾ ಕಟ್ಟಳೆಗಳನ್ನು ಜೋಡಿಸಿ 1973ರಲ್ಲಿ ದೊಡ್ಡ ಪುಸ್ತಕ ಬರೆದರು. ಅವರ ತಂದೆತಾಯಿ ತುರ್ಕಿಯ ಅರ್ಮೇನಿಯನ್ ನರಮೇಧದಿಂದ ತಪ್ಪಿಸಿಕೊಂಡು ಬಂದವರು. ಸರ್ಕಾರವೇ ದೇವರಾದರೆ ಏನಾಗುತ್ತದೆ ಅನ್ನುವುದು ಅವರಿಗೆ ಮನೆಯ ಕಥೆ. ಅವರ ಪ್ರಶ್ನೆ ಒಂದೇ. ಪ್ರತಿ ಕಾನೂನೂ ಯಾವುದೋ ಒಂದು ಅಳತೆಗೋಲಿನಿಂದ ಬರುತ್ತದೆ. ದೇವರ ಅಳತೆಗೋಲು ಬೇಡ ಅಂದರೆ ಯಾರದ್ದು? ಓಟು ಜಾಸ್ತಿ ಬಿದ್ದವರದ್ದಾ?

ಯೇಸು ತಾನು ಧರ್ಮಶಾಸ್ತ್ರ ತೆಗೆದುಹಾಕಲು ಬಂದವನಲ್ಲ ಅಂದಿದ್ದಾನೆ, ಮತ್ತಾಯ 5:17. ಇಸ್ರಾಯೇಲಿನ ಕಟ್ಟಳೆಗಳನ್ನು ಕೇಳಿ ಬೇರೆ ಜನಾಂಗಗಳೂ ಮೆಚ್ಚುತ್ತವೆ ಅಂತ ಧರ್ಮೋಪದೇಶಕಾಂಡ 4ರಲ್ಲೇ ಇದೆ. ಅದರಲ್ಲಿ ಜೈಲುಶಿಕ್ಷೆ ಇಲ್ಲ ಗೊತ್ತಾ? ಎತ್ತು ಕದ್ದು ಕೊಯ್ದರೆ ಐದು ಎತ್ತು ವಾಪಸ್, ಕುರಿಗೆ ನಾಲ್ಕು. ಜೀವಂತ ಸಿಕ್ಕಿದರೆ ಎರಡರಷ್ಟು. ವಿಮೋಚನಕಾಂಡ 22. ಕಳೆದುಕೊಂಡವನಿಗೆ ಸಿಗುತ್ತದೆ. ನಮ್ಮಲ್ಲಿ ಕಳ್ಳ ಜೈಲಿನಲ್ಲಿ ಕೂತು ಉಣ್ಣುತ್ತಾನೆ, ಎತ್ತು ಹೋದವನು ಠಾಣೆಗೆ ಅಲೆಯುತ್ತಾನೆ. ಯಾವುದು ನ್ಯಾಯ ಹೇಳಿ.

ಕುಡ್ಲದ ವಕೀಲೆ

ಎತ್ತಿನ ಮಾತು ನನಗೂ ಹಿಡಿಸುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು, ಮೊದಲ ಸಲ ಸಿಕ್ಕಿಬಿದ್ದವನು, ಮಾಲು ವಾಪಸ್ ಕೊಟ್ಟರೆ ಶಿಕ್ಷೆ ಬರೀ ಸಮುದಾಯ ಸೇವೆ. ನಾಲ್ಕರಷ್ಟು ಇಲ್ಲದಿದ್ದರೂ ದಿಕ್ಕು ಅದೇ. ಇದನ್ನು ಮಾಡಲು ಯಾರೂ ಮೋಶೆಯ ಹೆಸರು ಹೇಳಬೇಕಾಗಿ ಬರಲಿಲ್ಲ.

ನಿವೃತ್ತ ಅಯ್ಯ, ಧಾರವಾಡ

ಕಿರಿಯವರೇ, ನಿಮ್ಮ ಅಣ್ಣ 17ನೇ ವಚನ ತೋರಿಸಿದ್ದಾರೆ. ಅದು 15ರಲ್ಲಿ ಶುರುವಾಗುತ್ತದೆ. ಅಲ್ಲಿಂದ ಓದಿಸಿ.

ಒಬ್ಬನಿಗೆ ಇಬ್ಬರು ಹೆಂಡತಿಯರು. ಒಬ್ಬಳು ಪ್ರೀತಿಯವಳು, ಇನ್ನೊಬ್ಬಳು ಬೇಡವಾದವಳು. ಚೊಚ್ಚಲ ಮಗ ಬೇಡವಾದವಳಿಗೆ ಹುಟ್ಟಿದ್ದಾನೆ. ಅಪ್ಪನಿಗೆ ಪ್ರೀತಿಯವಳ ಮಗನನ್ನು ಹಿರಿಯನಾಗಿ ಮಾಡುವ ಆಸೆ. ಹಾಗೆ ಮಾಡಕೂಡದು ಅನ್ನುತ್ತದೆ ಕಟ್ಟಳೆ. ಹಿರಿಯನಿಗೆ ಎರಡು ಪಾಲು ಅನ್ನುವುದು ಆ ಕಾಲದ ಸುತ್ತಲ ಊರುಗಳಲ್ಲೂ ಇದ್ದ ವಾಡಿಕೆ. ಈ ಕಟ್ಟಳೆ ಅದನ್ನು ಹುಟ್ಟಿಸಲಿಲ್ಲ. ಮನೆಯಲ್ಲಿ ಬಲ ಇಲ್ಲದವಳ ಮಗನಿಗೆ ಅನ್ಯಾಯ ಆಗದಂತೆ ಅಪ್ಪನ ಕೈ ಹಿಡಿಯಿತು, ಅಷ್ಟೇ. ನಿಮ್ಮ ಮನೆಯಲ್ಲಿ ಈಗ ಬಲ ಇಲ್ಲದವರು ಯಾರು? ಅವ್ವ, ಅಕ್ಕ. ಅವರಿಂದ ಕಿತ್ತುಕೊಳ್ಳಲು ಅದೇ ವಚನ ಬಳಸುವುದೆಂದರೆ ಬೇಲಿ ಕಿತ್ತು ಹೊಲದವನಿಗೇ ಹೊಡೆದ ಹಾಗೆ.

ಅರಣ್ಯಕಾಂಡ 27 ಕೂಡ ಹಾಗೆಯೇ. ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆಯ ಎದುರು ಬಂದು ‘ನಮಗೂ ಕೊಡಿ’ ಅಂತ ನಿಂತರು. ಅದುವರೆಗೆ ಅಂಥ ಕಾನೂನೇ ಇರಲಿಲ್ಲ. ಮೋಶೆ ದೇವರನ್ನು ಕೇಳಿದ, ಅವರು ಹೇಳಿದ್ದು ಸರಿ ಅಂತ ಉತ್ತರ ಬಂತು. ಇದು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದ ಅಧ್ಯಾಯ. ಅದನ್ನು ಬಾಗಿಲು ಹಾಕಲು ಬಳಸುತ್ತಿದ್ದಾರೆ. ಇನ್ನು ಯೋಬನ ಪುಸ್ತಕದ ಕೊನೇ ಅಧ್ಯಾಯ ನೋಡಿ. ಯೋಬ ತನ್ನ ಮೂವರು ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರ ಜೊತೆಗೇ ಪಾಲು ಕೊಟ್ಟ. ಯಾರೂ ಅವನನ್ನು ಬೈದಿಲ್ಲ.

ಕೀರ್ತನೆಯವರ ದೊಡ್ಡ ಪ್ರಶ್ನೆಗೆ ನಾಳೆ ಬರೆಯುತ್ತೇನೆ. ಕಣ್ಣು ನೋಯುತ್ತಿದೆ.

ಬಾಸ್ಟನ್ ಹುಬ್ಬಳ್ಳಿಯವ

ಈ ಎರಡು ಪಾಲಿನ ವಿಷಯ ಓದಿ ನಗು ಬಂತು. ನಾನಿರುವ ಊರಿನಲ್ಲಿ ಇದನ್ನು ನಿಜವಾಗಲೂ ಕಾನೂನು ಮಾಡಿದ್ದರು.

ಮ್ಯಾಸಚೂಸೆಟ್ಸ್‌ನಲ್ಲಿ ಪ್ಯೂರಿಟನ್ನರು ಎಂಬ ಇಂಗ್ಲೆಂಡಿನ ಕಟ್ಟಾ ಕ್ರೈಸ್ತರು ನೆಲೆಸಿದಾಗ ಬೈಬಲ್‌ನಂತೆ ನಾಡು ಕಟ್ಟಬೇಕು ಅಂತಲೇ ಬಂದಿದ್ದರು. 1636ರಲ್ಲಿ ಜಾನ್ ಕಾಟನ್ ಎಂಬ ಪಾದ್ರಿ ಮೋಶೆಯ ಕಟ್ಟಳೆಗಳನ್ನು ಮುಂದಿಟ್ಟುಕೊಂಡು ಒಂದು ಕರಡು ಬರೆದ. ಅದನ್ನು ಒಪ್ಪಲಿಲ್ಲ. 1641ರಲ್ಲಿ ನ್ಯಾಥನಿಯಲ್ ವಾರ್ಡ್ ಬರೆದ ‘ಬಾಡಿ ಆಫ್ ಲಿಬರ್ಟೀಸ್’ ಜಾರಿಗೆ ಬಂತು. ಈತ ಪಾದ್ರಿಯಾಗುವ ಮೊದಲು ಇಂಗ್ಲೆಂಡಿನಲ್ಲಿ ವಕೀಲನಾಗಿದ್ದ. ಅದರ 81ನೇ ಅಂಶ: ವಿಲ್ ಇಲ್ಲದೆ ಸತ್ತರೆ ಹಿರಿಯ ಮಗನಿಗೆ ಎರಡು ಪಾಲು. 82: ಗಂಡುಮಕ್ಕಳು ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ನಿಮ್ಮ ಅಣ್ಣ ಅಲ್ಲಿ ಹುಟ್ಟಿದ್ದರೆ ಕೇಸು ಗೆಲ್ಲುತ್ತಿದ್ದರೋ ಏನೋ! ಪೂರ್ತಿ ಅಲ್ಲ ಅನ್ನಿ. 81ರಲ್ಲೇ ಒಂದು ಬಾಲ ಇದೆ, ಸರಿಯಾದ ಕಾರಣ ಇದ್ದರೆ ನಾಡಿನ ಶಾಸನಸಭೆ ಬೇರೆ ತೀರ್ಪು ಕೊಡಬಹುದು ಅಂತ.

ನ್ಯಾಯವಾಗಿ ಹೇಳಬೇಕು ಅಂದರೆ ಆ ಕಾಲಕ್ಕೆ ಅದು ಒಳ್ಳೆಯ ಹೆಜ್ಜೆಯೇ. ಇಂಗ್ಲೆಂಡಿನ ಪದ್ಧತಿಯಲ್ಲಿ ಜಮೀನು ಪೂರ್ತಿ ಹಿರಿಯನಿಗೆ ಹೋಗುತ್ತಿತ್ತು. ಇಲ್ಲಿ ಉಳಿದವರಿಗೂ ಪಾಲು ಬಂತು. ಇನ್ನೂ ಇವೆ. ಗಂಡ ಹೆಂಡತಿಯನ್ನು ಹೊಡೆಯುವಂತಿಲ್ಲ, 80. ಸಾಕಿದ ಪ್ರಾಣಿಗಳಿಗೆ ಹಿಂಸೆ ಕೊಡುವಂತಿಲ್ಲ, 92. ನಲವತ್ತಕ್ಕಿಂತ ಜಾಸ್ತಿ ಏಟಿಲ್ಲ. ಎರಡು ಮೂರು ಸಾಕ್ಷಿ, ಇಲ್ಲವೇ ಅಷ್ಟೇ ಬಲದ ಪುರಾವೆ ಇಲ್ಲದೆ ಮರಣದಂಡನೆ ಇಲ್ಲ. ಇಂಗ್ಲೆಂಡಿನಲ್ಲಿ ಕಳ್ಳತನಕ್ಕೂ ಗಲ್ಲು ಇತ್ತು. ಮೋಶೆಯಲ್ಲಿ ಇಲ್ಲ ಅಂತ ಇವರೂ ಇಡಲಿಲ್ಲ. ಕೀರ್ತನೆಯವರೇ, ಇದೆಲ್ಲ ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳಿ.

ಈಗ ಇನ್ನೊಂದು ಪುಟ. ಅದೇ ಪಟ್ಟಿಯ 94ರಲ್ಲಿ ಮರಣದಂಡನೆಯ ಹನ್ನೆರಡು ಅಪರಾಧ, ಪಕ್ಕದಲ್ಲಿ ವಚನದ ಸಂಖ್ಯೆ. ಬೇರೆ ದೇವರ ಪೂಜೆ, ಮಾಟ, ದೇವದೂಷಣೆ, ವ್ಯಭಿಚಾರ ಎಲ್ಲ ಅದರಲ್ಲಿವೆ. 1644ರಲ್ಲಿ ಮೇರಿ ಲೇಥಮ್ ಎಂಬ ಹದಿನೆಂಟರ ಆಸುಪಾಸಿನ ಹುಡುಗಿಯನ್ನೂ ಜೇಮ್ಸ್ ಬ್ರಿಟನ್ ಎಂಬವನನ್ನೂ ವ್ಯಭಿಚಾರಕ್ಕೆ ಗಲ್ಲಿಗೇರಿಸಿದರು. ಆಕೆಯ ಗಂಡ ಮುದುಕ. 91ರಲ್ಲಿ ಗುಲಾಮಗಿರಿಗೆ ಬಾಗಿಲು ಇಟ್ಟರು, ಇಸ್ರಾಯೇಲಿನ ಕಟ್ಟಳೆಯ ಮಾತು ಹೇಳಿಯೇ.

ಆಮೇಲೆ ಕ್ವೇಕರರು ಬಂದರು. ಅವರೂ ಯೇಸುವನ್ನು ನಂಬುವವರೇ, ಪಾದ್ರಿ ಬೇಡ ಅನ್ನುವವರು ಅಷ್ಟೇ. ಗಡೀಪಾರು ಮಾಡಿದ ಮೇಲೆ ಮತ್ತೆ ಬಂದರೆ ಗಲ್ಲು ಅಂತ 1658ರಲ್ಲಿ ಕಾನೂನಾಯಿತು. 1659ರಿಂದ 1661ರೊಳಗೆ ನಾಲ್ವರನ್ನು ನೇತು ಹಾಕಿದರು. ಅದರಲ್ಲಿ ಒಬ್ಬಾಕೆ ಮೇರಿ ಡೈಯರ್, 1660ರ ಜೂನ್ 1ರಂದು. ಸ್ಟೇಟ್ ಹೌಸ್ ಮುಂದೆ ಆಕೆಯ ಪ್ರತಿಮೆ ಇದೆ, ಕೂತಿರುವ ಹಾಗೆ, ಕೈ ಮಡಿಲಲ್ಲಿ. ಆಫೀಸಿನಿಂದ ಬರುವಾಗ ಎಷ್ಟೋ ಸಲ ನೋಡುತ್ತೇನೆ. ಗಲ್ಲು ನಿಲ್ಲಿಸಲು ಕೊನೆಗೆ ಲಂಡನ್ನಿನಿಂದ ಎರಡನೇ ಚಾರ್ಲ್ಸ್ ರಾಜನ ಆಜ್ಞೆ ಬರಬೇಕಾಯಿತು. ಆ ರಾಜ ಎಷ್ಟು ಭಕ್ತ ಅನ್ನುವುದು ಬೇರೆ ಮಾತು.

ಅಂದ ಹಾಗೆ ಇದೇ ಜನ 1659ರಲ್ಲಿ ಕ್ರಿಸ್‌ಮಸ್ ಆಚರಿಸಿದರೆ ಐದು ಶಿಲಿಂಗ್ ದಂಡ ಅಂತಲೂ ಮಾಡಿದ್ದರು. ಬೈಬಲ್‌ನಲ್ಲಿ ಕ್ರಿಸ್‌ಮಸ್ ಇಲ್ಲವಲ್ಲ. ನಿಮ್ಮ ಅಣ್ಣನ ಮನೆಯಲ್ಲಿ ನಕ್ಷತ್ರ ಕಟ್ಟುತ್ತಾರಾ?

ಬೆಟಗೇರಿ ಕಿರಿಯವ

ಕಟ್ಟುತ್ತಾನೆ. ಓಣಿಯಲ್ಲೇ ದೊಡ್ಡದು.

ಕೀರ್ತನೆ 119

ಬಾಸ್ಟನ್ ಅಣ್ಣ ಹೇಳಿದ್ದು ನಿಜ, ತಿರುಚಿಲ್ಲ. ಆದರೆ ಗಡೀಪಾರಾದವನು ಮತ್ತೆ ಬಂದರೆ ಕೊಲ್ಲಿ ಅಂತ ಮೋಶೆ ಎಲ್ಲೂ ಹೇಳಿಲ್ಲ. ಅದು ಅವರದೇ ಕಾನೂನು. ಬೈಬಲ್ ಬಿಟ್ಟಲ್ಲೇ ಅವರು ತಪ್ಪಿದರು. 1692ರಲ್ಲಿ ಸೇಲಂನಲ್ಲಿ ಮಾಟದ ಹೆಸರಿನಲ್ಲಿ 19 ಜನರನ್ನು ನೇತು ಹಾಕಿದ್ದೂ ಹಾಗೆಯೇ. ಕಂಡ ಸಾಕ್ಷಿ ಬಿಟ್ಟು ದೆವ್ವ ಕಂಡಿತು ಅನ್ನುವವರ ಮಾತು ನಂಬಿದರು. ಎರಡು ಮೂರು ಸಾಕ್ಷಿ ಬೇಕು ಅನ್ನುವ ಧರ್ಮೋಪದೇಶಕಾಂಡ 19:15 ಪಾಲಿಸಿದ್ದರೆ ಅಷ್ಟು ಜನ ಉಳಿಯುತ್ತಿದ್ದರು.

ನಾವು ಇದನ್ನು ಬಲವಂತದಿಂದ ತರಬೇಕು ಅನ್ನುವವರೂ ಅಲ್ಲ. ಜನರ ಮನಸ್ಸು ತಿರುಗಿದ ಮೇಲೆ ಕಾನೂನು ತಾನಾಗಿ ತಿರುಗುತ್ತದೆ.

ಕೆಜಿಎಫ್ ಟೀಚರ್

ಬಲವಂತ ಇಲ್ಲ ಅನ್ನುವುದು ಸರಿ, ಆದರೆ ನಿಮ್ಮ ರಶ್‌ಡೂನಿ ದೇವದೂಷಣೆಗೂ ವ್ಯಭಿಚಾರಕ್ಕೂ ಸಲಿಂಗಕಾಮಕ್ಕೂ ಮರಣದಂಡನೆ ಸರಿ ಅಂದವರು. ಜನರ ಮನಸ್ಸು ತಿರುಗಿದ ಮೇಲೆ ತಿರುಗದೇ ಉಳಿದವರ ಗತಿ ಏನು ಬ್ರದರ್? ಹೇಳಿ, ಕಾಯುತ್ತೇನೆ.

ಕರ್ನಾಟಕದಲ್ಲಿ 2011ರ ಜನಗಣತಿ ಪ್ರಕಾರ ನಾವು ನೂರಕ್ಕೆ ಎರಡೂ ಇಲ್ಲ, 1.87. ಪೂಜೆ ಪ್ರಾರ್ಥನೆಯ ವಿಷಯದಲ್ಲಿ ಸರ್ಕಾರ ಕೋಲು ಹಿಡಿಯಬಹುದು ಅನ್ನುವ ಮಾತನ್ನು ನಾವೇ ಆಡಿದರೆ, ಆ ಕೋಲು ಮೊದಲು ಯಾರ ಬೆನ್ನಿಗೆ ಬೀಳುತ್ತದೆ? ನನ್ನ ಭಾನುವಾರದ ಆರಾಧನೆ ನಡೆಯುತ್ತಿರುವುದು ಸಂವಿಧಾನದ 25ನೇ ವಿಧಿಯಿಂದ.

ನಿವೃತ್ತ ಅಯ್ಯ, ಧಾರವಾಡ

ನಿನ್ನೆ ಹೇಳಿದ್ದು ಈಗ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಮೋಶೆಯ ಕಾನೂನನ್ನು ಮೂರಾಗಿ ನೋಡುವ ರೂಢಿ ಹಳೆಯದು. ಹದಿಮೂರನೇ ಶತಮಾನದಲ್ಲಿ ತೋಮಸ್ ಅಕ್ವಿನಾಸ್ ಇದನ್ನು ಬಿಡಿಸಿ ಬರೆದರು. ಒಂದು ನಡತೆಯದು: ಕೊಲ್ಲಬೇಡ, ಕದಿಯಬೇಡ. ಎರಡು ಆರಾಧನೆಯದು: ಬಲಿ, ಹಬ್ಬ, ಮಡಿ ಮೈಲಿಗೆ. ಮೂರು ಇಸ್ರಾಯೇಲ್ ಎಂಬ ನಾಡನ್ನು ನಡೆಸುವ ಕಟ್ಟಳೆ: ದಂಡ, ಪಾಲು, ಸಾಲ. ಬೈಬಲ್‌ನಲ್ಲಿ ಹೀಗೆ ಗೆರೆ ಎಳೆದಿಲ್ಲ ನಿಜ. ಯಾಜಕಕಾಂಡ 19 ಓದಿದರೆ ಮೂರೂ ಒಂದೇ ಅಧ್ಯಾಯದಲ್ಲಿ ಕಲಸಿಕೊಂಡಿವೆ. ನೆರೆಯವನನ್ನು ಪ್ರೀತಿಸು ಅನ್ನುವುದರ ಬೆನ್ನಿಗೇ ಎರಡು ಬಗೆಯ ಬೀಜ ಬೆರೆಸಿ ಬಿತ್ತಬೇಡ ಅಂತ ಬರುತ್ತದೆ. ನಮ್ಮಲ್ಲಿ ಜೋಳದ ಜೊತೆ ತೊಗರಿ ಅಕ್ಕಡಿ ಹಾಕದ ರೈತ ಇದ್ದಾನಾ? ಕಿರಿಯವರೇ, ನಿಮ್ಮ ಅಣ್ಣ ಹಾಕುತ್ತಾರಾ ಕೇಳಿ.

ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ 1525ರಲ್ಲಿ ಒಂದು ಪ್ರಸಂಗದಲ್ಲಿ ನೇರವಾಗಿ ಹೇಳಿದರು, ಮೋಶೆಯ ನಾಡಕಾನೂನು ಯೆಹೂದ್ಯರಿಗೆ ಕೊಟ್ಟದ್ದು, ಸ್ಯಾಕ್ಸನಿಯವರಿಗೆ ಅವರದೇ ಕಾನೂನು ಇದೆ ಅಂತ. ಆದರೆ ಅದರಲ್ಲಿ ಒಳ್ಳೆಯದು ಕಂಡರೆ ರಾಜರು ಬೇಕಾದರೆ ತೆಗೆದುಕೊಳ್ಳಲಿ ಅಂದರು. ಅದೇ ಶತಮಾನದ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಇನ್ನೂ ಬಿರುಸು. ಮೋಶೆಯ ರಾಜ್ಯಪದ್ಧತಿ ಇಲ್ಲದ ನಾಡು ನಾಡೇ ಅಲ್ಲ ಅನ್ನುವವರ ಮಾತು ಅಪಾಯದ್ದು, ದಡ್ಡತನದ್ದು ಅಂತ ಬರೆದಿದ್ದಾರೆ. ಥಿಯಾನಮಿಯವರು ಕ್ಯಾಲ್ವಿನ್ ಪರಂಪರೆಯವರು ಅಂತ ಹೇಳಿಕೊಳ್ಳುತ್ತಾರೆ, ಅದಕ್ಕೇ ಇದನ್ನು ಹೇಳಿದೆ. 1646ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೂತ ಪಾದ್ರಿಗಳು ತಮ್ಮ ನಂಬಿಕೆಯ ಅರಿಕೆಯ 19ನೇ ಅಧ್ಯಾಯದಲ್ಲಿ ಒಂದು ಒಳ್ಳೆಯ ಮಾತು ಇಟ್ಟರು. ಆ ನಾಡಿನೊಂದಿಗೇ ಆ ಕಟ್ಟಳೆಗಳು ಮುಗಿದವು, ಈಗ ಅವುಗಳ ಒಳಗಿನ ನ್ಯಾಯದ ಸಾರ ಎಷ್ಟು ಕೇಳುತ್ತದೋ ಅಷ್ಟು ಮಾತ್ರ ನಮ್ಮ ಮೇಲೆ ಇರುತ್ತದೆ.

ಸಾರ ಹಿಂಡುವುದು ಹೇಗೆ ಅಂದರೆ ಮೊದಲ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನನ್ನು ನೋಡಿ. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬೇಡ ಅಂತ ಧರ್ಮೋಪದೇಶಕಾಂಡ 25:4. ಪೌಲ ಅದನ್ನು ತೆಗೆದುಕೊಂಡು ದುಡಿಯುವವನಿಗೆ ಕೂಲಿ ಸಿಗಬೇಕು ಅನ್ನುತ್ತಾನೆ. ಮಾಳಿಗೆಯ ಸುತ್ತ ಗೋಡೆ ಕಟ್ಟು, ಯಾರಾದರೂ ಬಿದ್ದು ಸತ್ತರೆ ರಕ್ತ ನಿನ್ನ ಮನೆ ಮೇಲೆ ಅಂತ 22:8. ನಮ್ಮ ಕಡೆಯ ಮಾಳಿಗೆ ಮನೆಗೆ ಅದು ಹಾಗೇ ಹೊಂದುತ್ತದೆ. ಹೆಂಚಿನ ಮನೆಗೆ ಹೊಂದುವುದಿಲ್ಲ. ಆದರೆ ತೆರೆದ ಬೋರ್‌ವೆಲ್ ಗುಂಡಿಗೆ ಪೂರ್ತಿ ಹೊಂದುತ್ತದೆ. ಮುಚ್ಚದೆ ಬಿಟ್ಟವನನ್ನು ನಾನು ಈ ವಚನದಿಂದಲೇ ಬೈಯುತ್ತೇನೆ.

ಕೊರಿಂಥದಲ್ಲಿ ಒಬ್ಬ ಅಪ್ಪನ ಹೆಂಡತಿಯನ್ನು ಇಟ್ಟುಕೊಂಡಿದ್ದ. ಯಾಜಕಕಾಂಡ 20ರಂತೆ ಅದಕ್ಕೆ ಸಾವು. ಪೌಲ ಸಭೆಯಿಂದ ಹೊರಗೆ ಹಾಕಿ ಅಂದ, ಅಷ್ಟೇ.

ಕೀರ್ತನೆ 119

ಅಯ್ಯನವರೇ, ಸಭೆಗೆ ಕತ್ತಿ ಇಲ್ಲ, ಅದಕ್ಕೇ ಪೌಲ ಹೊರಗೆ ಹಾಕಿ ಅಂದ. ಅದರಿಂದ ಸರ್ಕಾರಕ್ಕೂ ಕತ್ತಿ ಇಲ್ಲ ಅಂತ ಆಗುವುದಿಲ್ಲ. ರೋಮಾಪುರ 13ರಲ್ಲಿ ಅಧಿಕಾರಿ ದೇವರ ಸೇವಕ, ಕತ್ತಿ ಸುಮ್ನೆ ಹಿಡಿದಿಲ್ಲ ಅಂತ ಇದೆ. ದೇವರ ಸೇವಕ ದೇವರ ಮಾತಿನಂತೆ ತಾನೇ ನಡೆಯಬೇಕು?

ನಿವೃತ್ತ ಅಯ್ಯ, ಧಾರವಾಡ

ಒಳ್ಳೆಯ ಪ್ರಶ್ನೆ, ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಪೌಲ ಅದನ್ನು ಬರೆದಾಗ ಸಿಂಹಾಸನದಲ್ಲಿದ್ದವನು ರೋಮಿನ ಚಕ್ರವರ್ತಿ ನೀರೋ. ಮೋಶೆಯ ಕಾನೂನು ಅವನಿಗೆ ಗೊತ್ತೂ ಇಲ್ಲ, ಬೇಕೂ ಇಲ್ಲ. ಆದರೂ ಸೇವಕ ಅಂದ.

ಇನ್ನೊಂದು. ಆಮೋಸನ ಮೊದಲ ಎರಡು ಅಧ್ಯಾಯ ತೆಗೆಯಿರಿ. ದೇವರು ಸುತ್ತಲ ನಾಡುಗಳ ಮೇಲೆ ಆರೋಪ ಪಟ್ಟಿ ಓದುತ್ತಾನೆ. ಗಾಜದವರು ಊರಿಗೆ ಊರನ್ನೇ ಸೆರೆ ಹಿಡಿದು ಮಾರಿದರು. ತೂರಿನವರು ಸಹೋದರರ ಒಪ್ಪಂದ ಮರೆತರು. ಅಮ್ಮೋನಿಯರು ಗಡಿ ಹೆಚ್ಚಿಸಿಕೊಳ್ಳಲು ಬಸುರಿಯರ ಹೊಟ್ಟೆ ಸೀಳಿದರು. ಸಬ್ಬತ್ ಎಂಬ ವಿಶ್ರಾಂತಿಯ ದಿನ ಮುರಿದರು, ಹಂದಿ ತಿಂದರು ಅಂತ ಒಬ್ಬರ ಮೇಲೂ ಇಲ್ಲ. ಧರ್ಮಶಾಸ್ತ್ರ ತಿರಸ್ಕರಿಸಿದಿರಿ ಅನ್ನುವ ಆರೋಪ ಬರುವುದು ಯೆಹೂದದ ಸರದಿ ಬಂದಾಗ ಮಾತ್ರ. ಅಂದರೆ ಎಲ್ಲಾ ನಾಡಿಗೂ ದೇವರ ಅಳತೆಗೋಲು ಇದೆ, ಅದರಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಆದರೆ ಆ ಕೋಲು ಸಿನಾಯಿ ಬೆಟ್ಟದಲ್ಲಿ ಕೊಟ್ಟ ಇಡೀ ಕಟ್ಟು ಅಲ್ಲ.

ಬಾಸ್ಟನ್ ಹುಬ್ಬಳ್ಳಿಯವ

ಅಯ್ಯನವರು ಹೇಳಿದ್ದನ್ನೇ ಇಲ್ಲಿ ಒಬ್ಬ ಹೇಳಿ ಗಡೀಪಾರಾಗಿದ್ದ. ರಾಜರ್ ವಿಲಿಯಮ್ಸ್, ಅವನೂ ಪಾದ್ರಿ. ಹತ್ತು ಆಜ್ಞೆಗಳಲ್ಲಿ ಮನುಷ್ಯ ಮನುಷ್ಯನ ನಡುವಿನದ್ದನ್ನು ಸರ್ಕಾರ ನೋಡಿಕೊಳ್ಳಲಿ, ದೇವರಿಗೂ ಮನುಷ್ಯನಿಗೂ ನಡುವಿನದ್ದಕ್ಕೆ ಕೈ ಹಾಕಬೇಡಿ ಅಂದ. 1635ರಲ್ಲಿ ಹೊರಗೆ ಹಾಕಿದರು. ಮುಂದಿನ ವರ್ಷ ಪ್ರಾವಿಡೆನ್ಸ್ ಎಂಬ ಊರು ಕಟ್ಟಿದ. ಆಮೇಲೆ ಕ್ವೇಕರರ ಜೊತೆ ಅವನೂ ಜೋರಾಗಿ ವಾದ ಮಾಡಿದ, ಅವರ ಬೋಧನೆ ಅವನಿಗೆ ಕಿಂಚಿತ್ತೂ ಹಿಡಿಸುತ್ತಿರಲಿಲ್ಲ. ಆದರೆ ನೇಣು ಹಾಕಲಿಲ್ಲ.

ಕುಡ್ಲದ ವಕೀಲೆ

ಕ್ರೈಸ್ತರ ಕಾನೂನು ಅಂತ ನಾವು ಕರೆಯುವುದು ಎಷ್ಟು ಬೈಬಲ್‌ನದು, ಎಷ್ಟು ಇಂಗ್ಲೆಂಡಿನದು ಅನ್ನುವುದಕ್ಕೆ ನನ್ನ ಕಸುಬಿನ ಒಂದು ಕಥೆ.

1869ರ ವಿಚ್ಛೇದನ ಕಾಯ್ದೆ. ಹೆಂಡತಿ ವ್ಯಭಿಚಾರ ಮಾಡಿದರೆ ಗಂಡನಿಗೆ ವಿಚ್ಛೇದನ, ಅಷ್ಟು ಸಾಕು. ಗಂಡ ವ್ಯಭಿಚಾರ ಮಾಡಿದರೆ ಅದು ಸಾಲದು. ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ಬಿಟ್ಟುಹೋದದ್ದನ್ನೋ, ಅಂಥ ಇನ್ನೊಂದನ್ನೋ ಹೆಂಡತಿ ಸಾಬೀತು ಮಾಡಬೇಕು. ಮತ್ತಾಯ 19ರ ಮೇಲೆ ನಿಂತ ಕಾನೂನು ಅಂತ ನನ್ನ ಅಜ್ಜಿ ನಂಬಿದ್ದರು. ಅಲ್ಲ. ಅದು 1857ರ ಇಂಗ್ಲಿಷ್ ಕಾಯ್ದೆಯ ನಕಲು. ಮತ್ತಾಯದಲ್ಲಿ ಯೇಸು ಮಾತಾಡಿದ್ದು ಹೆಂಡತಿಯನ್ನು ಸುಲಭಕ್ಕೆ ಬಿಡುವ ಗಂಡಸರ ವಿರುದ್ಧ! ಇಂಗ್ಲೆಂಡಿನವರು ಈ ಭೇದವನ್ನು 1923ರಲ್ಲಿ ತೆಗೆದರು. ನಾವು ತೆಗೆದದ್ದು 2001ರಲ್ಲಿ.

ಅಪ್ಪನ ಆಸ್ತಿಯಲ್ಲಿ ಸಮಪಾಲು ಕೇಳಿ ಕೋರ್ಟಿಗೆ ಹೋದ ಕೇರಳದ ಮೇರಿ ರಾಯ್ ಕೇಸು ಎಲ್ಲರಿಗೂ ಗೊತ್ತು. 1916ರ ತಿರುವಾಂಕೂರು ಕಾನೂನಿನಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ‘ಕಡಿಮೆಯೋ’ ಅನ್ನುವ ಪದ ನೋಡಿ. 1986ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿಯೂ 1925ರ ಕಾಯ್ದೆಯೇ ನಡೆಯುತ್ತದೆ ಅಂದಿತು.

ನಮ್ಮ ಕ್ಯಾಥೊಲಿಕರಲ್ಲಿ ಚರ್ಚಿನ ನ್ಯಾಯಮಂಡಳಿ ಮದುವೆ ಅಸಿಂಧು ಅಂತ ಹೇಳಿದರೆ ಸರ್ಕಾರವೂ ಒಪ್ಪಬೇಕು ಅಂತ ಮಂಗಳೂರಿನ ಹಿರಿಯ ವಕೀಲರೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರಲ್ಲಿ ಅರ್ಜಿ ವಜಾ ಆಯಿತು. ನಾನು ಭಕ್ತಳೇ, ಪ್ರತಿ ಭಾನುವಾರ ಪೂಜೆಗೆ ಹೋಗುತ್ತೇನೆ. ಆ ತೀರ್ಪು ಬಂದ ದಿನ ನನಗೇನೂ ಬೇಸರ ಆಗಲಿಲ್ಲ. ಚರ್ಚು ನನ್ನ ಆತ್ಮಕ್ಕೆ ಹೇಳಲಿ, ಜೀವನಾಂಶ ಕೋರ್ಟು ಕೊಡಿಸಲಿ.

ಕೆಜಿಎಫ್ ಟೀಚರ್

ನನಗೆ ಒಂದು ಲೆಕ್ಕ ತಲೆ ತಿನ್ನುತ್ತಿದೆ. ಕಿರಿಯ ತಮ್ಮಾ, ಬೇಜಾರು ಮಾಡಿಕೊಳ್ಳಬೇಡ.

ಕಾನೂನಿನಂತೆ ನಿನಗೆ 2 ಎಕರೆ. ಅಣ್ಣನ ಲೆಕ್ಕದಲ್ಲಿ 9 ಎಕರೆಯನ್ನು ಮೂರು ಪಾಲು ಮಾಡಿ ಅವನಿಗೆ ಎರಡು, ಅಂದರೆ 6. ನಿನಗೆ ಒಂದು, ಅಂದರೆ 3. ಅವ್ವನಿಗೆ ಸೊನ್ನೆ, ಅಕ್ಕನಿಗೆ ಸೊನ್ನೆ. ಮೋಶೆಯ ಹೆಸರಿನಲ್ಲಿ ನಿನಗೂ ಒಂದು ಎಕರೆ ಜಾಸ್ತಿ ಬರುತ್ತದೆ ಅಲ್ವಾ? ‘ಇದು ನಡೆಯುತ್ತಾ’ ಅಂತ ನೀನು ಕೇಳಿದಾಗ ಯಾವ ಉತ್ತರ ಬರಲಿ ಅಂತ ಆಸೆ ಇತ್ತು?

ದಾರಿಹೋಕ

ಟೀಚರ್ ಟೀಚರೇ.

ಬೆಟಗೇರಿ ಕಿರಿಯವ

ಮಧ್ಯಾಹ್ನ ಓದಿದೆ. ಉತ್ತರ ಬರೆಯಲು ರಾತ್ರಿ ಆಯಿತು.

ಲೆಕ್ಕ ಗೊತ್ತಿತ್ತು. ಅಣ್ಣ ಮೊದಲ ದಿನವೇ ‘ನಿನಗೇನು ಲುಕ್ಸಾನು’ ಅಂತ ಅಂದಿದ್ದ. ಇಲ್ಲಿ ಬರೆಯುವಾಗ ಅದನ್ನು ಬಿಟ್ಟೆ. ಬೇಕಂತ ಬಿಟ್ಟೆನೋ, ಮರೆತೆನೋ ಈಗ ಹೇಳಲು ಬರುತ್ತಿಲ್ಲ. ಬೇಕಂತಲೇ ಇರಬೇಕು.

ನಿವೃತ್ತ ಅಯ್ಯ, ಧಾರವಾಡ

ಲೂಕ 12:13. ಗುಂಪಿನಲ್ಲಿ ಒಬ್ಬ ಯೇಸುವನ್ನು ಕೇಳುತ್ತಾನೆ, ನನ್ನ ಅಣ್ಣನಿಗೆ ಹೇಳಿ ಆಸ್ತಿ ಪಾಲು ಮಾಡಿಸು ಅಂತ. ನನ್ನನ್ನು ನಿಮ್ಮ ಪಾಲು ಹಂಚುವವನಾಗಿ ನೇಮಿಸಿದವರು ಯಾರು ಅನ್ನುತ್ತಾನೆ ಯೇಸು. ಧರ್ಮಶಾಸ್ತ್ರ ಬಲ್ಲವನು ಅವನು. 21:17 ಬಾಯಿಪಾಠ ಇದ್ದಿರಬೇಕು. ಅದನ್ನು ಎತ್ತಲಿಲ್ಲ. ಆಸೆಬುರುಕತನದ ಬಗ್ಗೆ ಮಾತು ತಿರುಗಿಸಿದ. ನೀವು ಬರೆದದ್ದಕ್ಕೆ ವಂದನೆ ತಮ್ಮಾ.

ಕೊರಿಂಥ 6ರ ವಿಷಯ. ಅಣ್ಣ ಅಲ್ಲೂ ಅರ್ಧಕ್ಕೆ ನಿಲ್ಲಿಸಿದ್ದಾರೆ. ಸಹೋದರರ ನಡುವೆ ತೀರಿಸುವ ಒಬ್ಬ ಜಾಣನೂ ನಿಮ್ಮಲ್ಲಿ ಇಲ್ಲವೇ ಅಂತ 5ನೇ ವಚನ. ನೀವೇ ಅನ್ಯಾಯ ಮಾಡುತ್ತೀರಿ, ಅದೂ ಸಹೋದರರಿಗೆ ಅಂತ 8ನೇ ವಚನ. ಕೋರ್ಟಿಗೆ ಹೋಗುವವನಿಗಿಂತ ಹೋಗುವ ಹಾಗೆ ಮಾಡಿದವನಿಗೆ ಆ ಮಾತು ಜಾಸ್ತಿ ಚುಚ್ಚುತ್ತದೆ.

ಕೀರ್ತನೆ 119

ಟೀಚರ್ ಅವರ ಮೊದಲ ಪ್ರಶ್ನೆಗೆ ನಾನು ಉತ್ತರ ಕೊಟ್ಟಿಲ್ಲ, ಗೊತ್ತು. ತಿರುಗದೇ ಉಳಿದವರ ಗತಿ ಏನು ಅನ್ನುವುದಕ್ಕೆ ನನ್ನ ಹತ್ತಿರ ನನಗೇ ಸಮಾಧಾನ ಆಗುವ ಉತ್ತರ ಇಲ್ಲ. ಸರ್ಕಾರಕ್ಕೆ ದೇವರ ಅಳತೆಗೋಲು ಬೇಕು ಅನ್ನುವ ಮಾತು ಮಾತ್ರ ಬಿಡುವುದಿಲ್ಲ.

ಆದರೆ ಕಿರಿಯ ಬ್ರದರ್‌ಗೆ ಒಂದು ಹೇಳಬೇಕು. ನಿಮ್ಮ ಅಣ್ಣ ಧರ್ಮಶಾಸ್ತ್ರವನ್ನು ಪೂರ್ತಿ ಪಾಲಿಸುತ್ತೇನೆ ಅಂದರೆ ನಾನೇ ಅವರ ಪಕ್ಷ ನಿಲ್ಲುತ್ತಿದ್ದೆ. ವಿಧವೆಯನ್ನು ನೋಯಿಸಬೇಡ ಅಂತ ವಿಮೋಚನಕಾಂಡ 22:22. ಅದು ಎತ್ತಿನ ಅಧ್ಯಾಯವೇ, ಅವರು ಓದಿರುತ್ತಾರೆ. ಮಾರ್ಕ 7ರಲ್ಲಿ ತಂದೆತಾಯಿಗೆ ಕೊಡಬೇಕಾದ್ದನ್ನು ‘ಕೊರ್ಬಾನ್, ದೇವರಿಗೆ ಮೀಸಲು’ ಅಂತ ಹೇಳಿ ತಪ್ಪಿಸಿಕೊಂಡವರನ್ನು ಯೇಸು ಬೈಯುತ್ತಾನೆ. ಹಿರಿಯನಿಗೆ ಎರಡು ಪಾಲು ಅಂದರೆ ಅವ್ವನನ್ನೂ ಮನೆಯನ್ನೂ ನೋಡಿಕೊಳ್ಳುವ ಭಾರವೂ ಅವನದೇ ಅಂತ ನಾವು ಕಲಿಸುತ್ತೇವೆ. ಅವ್ವ ಈಗ ಯಾರ ಮನೆಯಲ್ಲಿದ್ದಾರೆ?

ಬೆಟಗೇರಿ ಕಿರಿಯವ

ಅಕ್ಕನ ಮನೆಯಲ್ಲಿ. ಅಪ್ಪ ತೀರಿಕೊಂಡ ಮೂರನೇ ತಿಂಗಳಿಂದ.

ಕೀರ್ತನೆ 119

ಹಾಗಾದರೆ ಆ ವಿಡಿಯೊಗಳ ಹೆಸರು ಹೇಳಬೇಡಿ ಅಂತ ಅಣ್ಣನಿಗೆ ಹೇಳಿ. ನಮಗೆ ನಾಚಿಕೆ.

ಕೆಜಿಎಫ್ ಟೀಚರ್

ಬ್ರದರ್, ನಿಮ್ಮ ಥಿಯಾನಮಿ ನನಗೆ ಬೇಡ. ಆದರೆ ಈ ಮಾತಿಗೆ ಒಂದು ಟೀ ಕೊಡಿಸುತ್ತೇನೆ, ಕೋಲಾರ ಕಡೆ ಬಂದರೆ.

ಬೆಟಗೇರಿ ಕಿರಿಯವ

ನಾಲ್ಕು ದಿನ ಆಯಿತು, ಸುದ್ದಿ ಹೇಳುತ್ತೇನೆ. ಅಣ್ಣನ ಮುಂದೆ 15ನೇ ವಚನದಿಂದ ಓದಿದೆ. ಇಬ್ಬರು ಹೆಂಡತಿಯರ ಮಾತು ಬಂದಾಗ ‘ಅದು ಬೇರೆ’ ಅಂದ. ಅಕ್ಕಡಿ ಬೆಳೆಯ ಮಾತು ಕೇಳಿದಾಗ ಸಿಟ್ಟು ಮಾಡಿದ. ಮಾರ್ಕ 7 ಓದಿದಾಗ ಏನೂ ಹೇಳಲಿಲ್ಲ, ಎದ್ದು ಹೊಲಕ್ಕೆ ಹೋದ. ನನ್ನ ಮೂರನೇ ಎಕರೆ ನನಗೆ ಬೇಡ ಅಂತ ಅವನಿಗೆ ಹೇಳಿದ್ದೇನೆ. ಹೇಳುವಾಗ ಗಂಟಲು ಕಟ್ಟಿತು, ಸುಳ್ಳು ಹೇಳುವುದಿಲ್ಲ. ಎಕರೆ ಎಕರೆಯೇ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಮನೆಯಲ್ಲಿ ಕೂರುವುದು ಅಂತ ಆಗಿದೆ. ಅಕ್ಕ ಅವ್ವನನ್ನು ಕರೆದುಕೊಂಡು ಬರುತ್ತಾಳೆ. ಅಣ್ಣ ಬರುತ್ತೇನೆ ಅಂದಿದ್ದಾನೆ, ಆದರೆ ವಕೀಲರು ಬೇಡ, ಅಯ್ಯನವರು ಇರಲಿ ಅಂದ. ಧಾರವಾಡದ ಅಯ್ಯನವರೇ, ನಿಮಗೆ ಬಸ್ಸಿನಲ್ಲಿ ಎರಡು ತಾಸು. ಬರಲು ಆಗುತ್ತಾ?

ನಿವೃತ್ತ ಅಯ್ಯ, ಧಾರವಾಡ

ಬರುತ್ತೇನೆ. ಖಾಸಗಿಯಾಗಿ ವಿಳಾಸ ಕಳಿಸಿ. ಅವ್ವನ ಪಕ್ಕದಲ್ಲಿ ನನಗೊಂದು ಕುರ್ಚಿ ಇಡಿ.

ಕುಡ್ಲದ ವಕೀಲೆ

ವಕೀಲರು ಬೇಡ ಸರಿ. ಆದರೆ ಪಹಣಿ ಪ್ರತಿ ತೆಗೆದು ಇಟ್ಟುಕೊಂಡು ಕೂರಿ. 9 ಎಕರೆ ಒಂದೇ ಸರ್ವೆ ನಂಬರಾ, ಎರಡಾ? ನೀರು ಇರುವ ಕಡೆಯ ಪಾಲು ಯಾರಿಗೆ ಅನ್ನುವುದರಲ್ಲಿ ಎರಡನೇ ಜಗಳ ಶುರುವಾಗುತ್ತದೆ.

ಬೆಟಗೇರಿ ಕಿರಿಯವ

ಎರಡು. ಬೋರ್‌ವೆಲ್ ಒಂದರಲ್ಲೇ ಇದೆ.